ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚಿಗೆ ರಾತ್ರಿ ಮಣ್ಣು ಸುರಿಯುತ್ತಾರೆ, ಗಿಡ ಕಡಿಯುತ್ತಿಲ್ಲ. ಇದು ತಪ್ಪಾ?

ನಿಮ್ಮ ಪ್ರಶ್ನೆ ಓದಿ ನಮ್ಮ ಬಿಲ್ಡಿಂಗಿನ ಹಳೇ ಕತೆ ನೆನಪಾಯಿತು. ಧಾರವಾಡದಿಂದ ನವಿ ಮುಂಬೈಗೆ ಬಂದು ಆರು ತಿಂಗಳಾಯಿತು, ಕಿಟಕಿಯಾಚೆ ಕಾಂಡ್ಲಾ ಕಾಡಿದೆ, ರಾತ್ರಿ ಡಂಪರ್‌ಗಳು ಬಂದು ಅದರ ಅಂಚಿಗೆ ಮಣ್ಣು ಸುರಿದು ಹೋಗುತ್ತವೆ ಅಂತ ಬರೆದಿದ್ದೀರಿ. ಗಿಡ ಯಾರೂ ಮುಟ್ಟುತ್ತಿಲ್ಲವಲ್ಲ, ಇದು ತಪ್ಪಾ, ಸರ್ಕಾರವೇ ರೈಲಿಗಾಗಿ ಸಾವಿರಾರು ಗಿಡ ಕಡಿಯುವಾಗ ನಮ್ಮ ದೂರು ಯಾರು ಕೇಳುತ್ತಾರೆ ಅಂತಲೂ ಕೇಳಿದ್ದೀರಿ.

ತಪ್ಪು. ಕಡಿಯುವುದಕ್ಕಿಂತ ದೊಡ್ಡ ತಪ್ಪು ಅಂತ ನನ್ನ ಲೆಕ್ಕ.

ನಾನು ಕುಮಟಾ ಕಡೆಯವನು. ನವಿ ಮುಂಬೈನ ಐರೋಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಊರಲ್ಲಿ ಅಘನಾಶಿನಿ ದಡದಲ್ಲಿ ನಮ್ಮ ಅಜ್ಜನಿಗೆ ಸ್ವಲ್ಪ ಗಜನಿ ಗದ್ದೆ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಇತ್ತು, ಉಪ್ಪು ತಡೆಯುವ ಕಗ್ಗ ಭತ್ತ ಹಾಕುತ್ತಿದ್ದರು. ಉಪ್ಪುನೀರು ಯಾವಾಗ ಒಳಗೆ ಬರಬೇಕು, ಯಾವಾಗ ಹೊರಗೆ ಹೋಗಬೇಕು ಅಂತ ಕಾಯುವುದೇ ಆ ಬೇಸಾಯದಲ್ಲಿ ಅರ್ಧ ಕೆಲಸ. ಹಾಗಾಗಿ ನಮ್ಮ ಸೊಸೈಟಿ ಹಿಂದೆ ಗಿಡಗಳು ಒಣಗತೊಡಗಿದಾಗ ಎಲ್ಲರೂ ಕೊಡಲಿ ಗುರುತು ಹುಡುಕಿದರು. ನಾನು ನೀರಿನ ದಾರಿ ಹುಡುಕಿದೆ.

ಕಾಂಡ್ಲಾ ಬದುಕುವುದು ಉಬ್ಬರ ಇಳಿತದ ಮೇಲೆ. ಮುಂಬೈ ಸುತ್ತ ಜಾಸ್ತಿ ಕಾಣುವುದು ನಾವು ಉಪ್ಪಟಿ ಅನ್ನುತ್ತೇವಲ್ಲ, ಆ ಜಾತಿ. ಇಲ್ಲಿನ ಕೋಳಿ ಸಮುದಾಯದ ಮೀನುಗಾರರು ತಿವರ ಅನ್ನುತ್ತಾರೆ. ಕೆಸರಿನಿಂದ ಪೆನ್ಸಿಲ್ ಥರ ಮೇಲೆ ಚಾಚಿದ ಬೇರುಗಳನ್ನು ನೋಡಿರುತ್ತೀರಿ. ಗಿಡ ಉಸಿರಾಡುವುದೇ ಅವುಗಳಿಂದ. ಅದರ ಮೇಲೆ ಒಂದಡಿ ರಾಬಿಟ್ ಬಿದ್ದರೆ ಉಸಿರು ಕಟ್ಟಿತು. (ಕಟ್ಟಡ ಒಡೆದ ಇಟ್ಟಿಗೆ, ಮಣ್ಣು, ಕಾಂಕ್ರೀಟ್ ಚೂರಿಗೆ ಇಲ್ಲಿ ರಾಬಿಟ್ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನಾನು ಮೊಲ ಅಂದುಕೊಂಡಿದ್ದೆ!) ಅಂಚಿನಲ್ಲಿ ಸುರಿದ ಮಣ್ಣು ಕಟ್ಟೆಯಾಗಿ ಉಬ್ಬರದ ನೀರು ತಡೆದರಂತೂ ಒಳಗಿನದೆಲ್ಲ ನಿಧಾನವಾಗಿ ಸಾಯುತ್ತದೆ. ಎರಡು ಮೂರು ವರ್ಷ ಕಳೆದ ಮೇಲೆ ಅಲ್ಲಿ ಉಳಿಯುವುದು ಒಣ ಕಟ್ಟಿಗೆ. ಆಗ "ಇಲ್ಲಿ ಕಾಂಡ್ಲಾ ಎಲ್ಲಿತ್ತು ಸ್ವಾಮಿ?" ಅಂತ ಕೇಳುವುದು ಸುಲಭ. ಯಾರ ಕೈಯಲ್ಲೂ ಕೊಡಲಿ ಇರಲಿಲ್ಲ, ಅಲ್ವಾ?

ಈ ಉಪಾಯ ನ್ಯಾಯಾಲಯಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. ಬಾಂಬೆ ಹೈಕೋರ್ಟ್ 2005ರ ಅಕ್ಟೋಬರ್ 6ರಂದು ಕೊಟ್ಟ ಆದೇಶದಲ್ಲಿ ಮಹಾರಾಷ್ಟ್ರದ ಉದ್ದಕ್ಕೂ ಕಾಂಡ್ಲಾ ಕಡಿಯುವುದನ್ನು ನಿಲ್ಲಿಸಿತು. ಜೊತೆಗೇ ಅಲ್ಲಿ ಕಸ, ರಾಬಿಟ್ ಸುರಿಯುವುದನ್ನೂ ನಿಲ್ಲಿಸಬೇಕು ಅಂತ ಬರೆಯಿತು. ಕಾಂಡ್ಲಾದ ಸುತ್ತ 50 ಮೀಟರ್ ಒಳಗೆ ಕಟ್ಟಡ ಕೂಡದು, ಜಾಗ ಯಾರದ್ದೇ ಆಗಿರಲಿ ಅಂತಲೂ ಹೇಳಿತು. ಅದೇ ವರ್ಷದ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಊರು ಮುಳುಗಿತ್ತು. ನಾನು ಕುರ್ಲಾದಿಂದ ಸೊಂಟದ ಮಟ್ಟದ ನೀರಲ್ಲಿ ನಡೆದು ಬಂದವನು. ಆಮೇಲೆ ಕೆಲವು ತಿಂಗಳು ಎಲ್ಲರ ಬಾಯಲ್ಲೂ ಮುಂಬೈ ನಡುವೆ ಹರಿಯುವ ಮೀಠೀ ನದಿ, ಕಾಂಡ್ಲಾ ಇದೇ ಮಾತು. 2018ರ ಸೆಪ್ಟೆಂಬರ್ 17ರ ಅಂತಿಮ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಾಂಡ್ಲಾ ನಾಶ ಮಾಡುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೇ ಧಕ್ಕೆ ಅಂತ ಹೇಳಿತು.

ಈಗ ಸರ್ಕಾರದ ರೈಲಿನ ವಿಷಯ. ಅದೇ ತೀರ್ಪಿನಲ್ಲಿ ಒಂದು ಬಾಗಿಲು ತೆರೆದೇ ಇದೆ. ಸಾರ್ವಜನಿಕ ಹಿತಕ್ಕೆ ಅನಿವಾರ್ಯ ಅಂತ ಹೈಕೋರ್ಟಿಗೆ ಒಪ್ಪಿಸಿದರೆ ಕಡಿಯಬಹುದು. ಬುಲೆಟ್ ರೈಲಿನವರು ಮೊದಲು 53 ಸಾವಿರಕ್ಕೂ ಹೆಚ್ಚು ಗಿಡ ಅಂದಿದ್ದರು. ನಕ್ಷೆ ಬದಲಿಸಿ ಸುಮಾರು 22 ಸಾವಿರಕ್ಕೆ ಇಳಿಸಿದರು. 2022ರ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕಿತು. ಠಾಣೆ ಖಾಡಿಯ (ಸಮುದ್ರದ ನೀರು ಒಳಗೆ ಚಾಚಿದ ಜಾಗ) ಕೆಳಗೆ ಆ ರೈಲು 7 ಕಿಲೋಮೀಟರ್ ಸುರಂಗದಲ್ಲಿ ಹೋಗಲಿದೆ. ನನಗೆ ಇದು ಪೂರ್ತಿ ಸಮಾಧಾನ ಕೊಟ್ಟಿಲ್ಲ. ಆದರೂ ಅವರು ಕೋರ್ಟಿನ ಮುಂದೆ ನಿಂತು ಲೆಕ್ಕ ಕೊಡಬೇಕಾಯಿತು, ಆ ಲೆಕ್ಕವೂ ಅರ್ಧಕ್ಕಿಂತ ಕೆಳಗೆ ಬಂದಿತ್ತು. ನಿಮ್ಮ ಡಂಪರ್‌ನವನು ಯಾರ ಮುಂದೆ ಲೆಕ್ಕ ಕೊಟ್ಟಿದ್ದಾನೆ?

ಬದಲಿ ಗಿಡ ನೆಡುತ್ತೇವೆ ಅನ್ನುವ ಮಾತನ್ನು ಸುಮ್ನೆ ನಂಬಬೇಡಿ. ಠಾಣೆ ಖಾಡಿ ಫ್ಲೆಮಿಂಗೊ ಅಭಯಾರಣ್ಯ ಘೋಷಣೆಯಾದದ್ದು 2015ರಲ್ಲಿ, ರಾಮ್ಸರ್ ಪಟ್ಟಿಗೆ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರಿದ್ದು 2022ರಲ್ಲಿ. ಅಭಯಾರಣ್ಯ ಒಟ್ಟು 1,690 ಹೆಕ್ಟೇರ್. ಅದರಲ್ಲಿ 896 ಹೆಕ್ಟೇರ್ ಕಾಂಡ್ಲಾ, ಮಿಕ್ಕಿದ್ದು ನೀರು. ಇಳಿತದ ಹೊತ್ತಿಗೆ ಬಯಲಾಗುವ ಕೆಸರಿನಲ್ಲೇ ಹಕ್ಕಿಗಳು ಮೇಯುವುದು. ಕಂಡಕಂಡ ಕೆಸರಲ್ಲೆಲ್ಲ ಸಸಿ ನೆಟ್ಟು ಫೋಟೊ ಹಿಡಿದರೆ ಆ ಹಕ್ಕಿ ಎಲ್ಲಿಗೆ ಹೋಗಬೇಕು? ನೀರಿಗೆ ದಾರಿ ಬಿಟ್ಟರೆ ಕಾಂಡ್ಲಾ ತಾನೇ ಬರುತ್ತದೆ, ಬೀಜವನ್ನು ಉಬ್ಬರವೇ ತಂದು ಹಾಕುತ್ತದೆ.

ಇನ್ನು ದೂರು. ನಾವು ಎಡವಿದ್ದು ಇಲ್ಲೇ. ನಾಲ್ಕು ಜನ ಸಹಿ ಹಾಕಿ ಒಂದು ಕಚೇರಿಗೆ ಹೋದೆವು. ಜಾಗ ನಮ್ಮದಲ್ಲ ಅಂದರು. ಇನ್ನೊಂದು ಕಚೇರಿಯಲ್ಲಿ ನಮಗಿನ್ನೂ ಹಸ್ತಾಂತರ ಆಗಿಲ್ಲ ಅಂದರು. ಮೂರನೆಯವರು ಮತ್ತೆ ಮೊದಲನೆಯವರ ಹತ್ತಿರ ಕಳಿಸಿದರು. ಅಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಸರ್ಕಾರಿ ಜಾಗದ ಕಾಂಡ್ಲಾವನ್ನೆಲ್ಲ ಅರಣ್ಯ ಅಂತ ಘೋಷಿಸಿ ಅರಣ್ಯ ಇಲಾಖೆಗೆ ಒಪ್ಪಿಸಬೇಕು ಅಂತ ಕೋರ್ಟ್ ಹೇಳಿದ್ದು 2005ರಲ್ಲೇ. ಕಾಂಡ್ಲಾ ನೋಡಿಕೊಳ್ಳಲು 2012ರಲ್ಲಿ ಅರಣ್ಯ ಇಲಾಖೆಯಲ್ಲಿ ಮ್ಯಾಂಗ್ರೋವ್ ಸೆಲ್ ಅಂತ ಪ್ರತ್ಯೇಕ ವಿಭಾಗವನ್ನೂ ಮಾಡಿದರು. ಹಾಗಿದ್ದರೂ ಕಾಗದದಲ್ಲಿ ಜಾಗ ಯಾರ ಹೆಸರಲ್ಲಿದೆ ಅನ್ನುವುದರ ಮೇಲೇ ಎಲ್ಲ ನಿಂತಿದೆ. ಅರಣ್ಯ ಅಂತ ಘೋಷಣೆ ಆಗಿದ್ದರೆ ಅರಣ್ಯದವರು ತಾವೇ ಕೇಸ್ ಹಾಕಿ ಲಾರಿ ಹಿಡಿಯಬಹುದು. ಬರೀ ಪರಿಸರ ಸಂರಕ್ಷಣೆ ಕಾಯ್ದೆಯಡಿ ಹೋದರೆ, 2024ರ ಏಪ್ರಿಲ್‌ನಿಂದ ಅಲ್ಲಿ ನೇರ ಜೈಲಿಲ್ಲ, 10 ಸಾವಿರದಿಂದ 15 ಲಕ್ಷದವರೆಗೆ ದಂಡ ಮಾತ್ರ. ಅಲ್ಲಿ ಒಂದು ಗುಂಟೆ ಜಾಗದ ಬೆಲೆ ಎಷ್ಟು ಅಂತ ನಿಮಗೇ ಗೊತ್ತು.

ಅದಕ್ಕೇ ಮೊದಲು ಸಾತ್‌ಬಾರಾ ತೆಗೆಯಿರಿ. ನಮ್ಮಲ್ಲಿ ಪಹಣಿ ಇದೆಯಲ್ಲ, ಇಲ್ಲಿ ಅದು ಸಾತ್‌ಬಾರಾ, ಆನ್‌ಲೈನ್‌ನಲ್ಲೇ ಸಿಗುತ್ತದೆ. ಸರ್ವೆ ನಂಬರ್ ಹಾಕಿ ದೂರು ಬರೆದರೆ ನಮ್ಮ ಜಾಗ ಅಲ್ಲ ಅಂತ ಕೈ ತೊಳೆದುಕೊಳ್ಳುವುದು ಕಷ್ಟ. ಫೋಟೊದಲ್ಲಿ ಜಿಪಿಎಸ್ ಇರಲಿ. ಬರೀ ಲಾರಿಯ ಫೋಟೊ ಸಾಲದು. ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ಉಬ್ಬರ ದೊಡ್ಡದಿರುತ್ತದೆ. ಆ ದಿನ ನೀರು ಎಲ್ಲಿಯವರೆಗೆ ಬಂದು ನಿಂತಿತು ಅಂತ ತೆಗೆದಿಡಿ. ಗೂಗಲ್ ಅರ್ಥ್‌ನ ಹಳೇ ಚಿತ್ರಗಳನ್ನೂ ಜೋಡಿಸಿ. ಹೈಕೋರ್ಟ್ ತೀರ್ಪಿನ ಪ್ರಕಾರ ಕೊಂಕಣ ವಿಭಾಗದ ಆಯುಕ್ತರ ಕೆಳಗೆ ಒಂದು ಸಮಿತಿ ಇದೆ, ಒಂದು ಪ್ರತಿ ಅಲ್ಲಿಗೆ ಹೋಗಲಿ. ರಾತ್ರಿ ಒಬ್ಬರೇ ಲಾರಿ ತಡೆಯಲು ಹೋಗಬೇಡಿ. ದಯವಿಟ್ಟು.

ನಮ್ಮಲ್ಲಿ ಕೊನೆಗೆ ಕಟ್ಟೆ ಒಡೆದು ಎರಡು ಪೈಪ್ ಹಾಕಿಸಿದರು. ಖಾಡಿ ಕಡೆಯ ಅರ್ಧ ಭಾಗ ಮತ್ತೆ ಹಸಿರಾಗಿದೆ. ರಸ್ತೆ ಕಡೆಯ ಅರ್ಧದಲ್ಲಿ ಈಗ ಟೆಂಪೊಗಳು ನಿಲ್ಲುತ್ತವೆ.

ಸರ್ವೆ ನಂಬರ್ ಸಿಕ್ಕ ಮೇಲೆ ಕೆಳಗೆ ಬರೆಯಿರಿ. ಸಾತ್‌ಬಾರಾದ ಮರಾಠಿ ಮೊದಮೊದಲು ಅರ್ಥವಾಗುವುದಿಲ್ಲ, ನಾನು ಓದಿ ಹೇಳುತ್ತೇನೆ.