ಕೂದಲು ಗಿಡ್ಡ, ಉದುರುವುದು ಮಾತ್ರ ಜಾಸ್ತಿ!

ಪ್ರಶ್ನೆ: ನಮ್ಮದು 3 ವರ್ಷದ ಲ್ಯಾಬ್ರಡಾರ್. ಗಿಡ್ಡ ಕೂದಲು, ಬಾಚುವ ಗೋಜಿಲ್ಲ ಅಂದುಕೊಂಡಿದ್ದೆವು. ಈಗ ಸೋಫಾ, ಹಾಸಿಗೆ, ಬಟ್ಟೆ, ಎಲ್ಲಿ ನೋಡಿದರೂ ಅದರದೇ ಕೂದಲು. ವಾರಕ್ಕೊಮ್ಮೆ ನಾವು ಬಳಸುವ ಶಾಂಪೂ ಹಾಕಿಯೇ ಸ್ನಾನ ಮಾಡಿಸುತ್ತೇವೆ. ಉದುರುವುದಂತೂ ನಿಂತಿಲ್ಲ, ಬೆನ್ನಿನ ಮೇಲೆ ಹೊಟ್ಟು ಬೇರೆ ಶುರುವಾಗಿದೆ. ಬೇಸಿಗೆಗೆ ಪೂರ್ತಿ ಬೋಳಿಸಿಬಿಡೋಣವೇ?

ಉತ್ತರ: ದಯವಿಟ್ಟು ಬೋಳಿಸಬೇಡಿ. ಲ್ಯಾಬ್ರಡಾರ್‌ಗೆ ಎರಡು ಪದರ ಕೂದಲಿರುತ್ತದೆ. ಮೇಲಿನದು ಒರಟು, ಒಳಗಿನದು ಮೆತ್ತಗೆ, ದಟ್ಟ. ಬಿಸಿಲು ನೇರವಾಗಿ ಚರ್ಮಕ್ಕೆ ತಾಗದಂತೆ ತಡೆಯುವುದು ಇದೇ. ಬೋಳಿಸಿದರೂ ಉದುರುವುದು ನಿಲ್ಲುವುದಿಲ್ಲ. ತುಂಡು ತುಂಡಾಗಿ ಉದುರಿ ಬಟ್ಟೆಯೊಳಗೆ ಚುಚ್ಚಿಕೊಳ್ಳುತ್ತದೆ, ಅಷ್ಟೆ.

ಹೊಟ್ಟಿಗೆ ನನ್ನ ಮೊದಲ ಅನುಮಾನ ನಿಮ್ಮ ಶಾಂಪೂ ಮೇಲೆ. ನಮ್ಮ ಚರ್ಮದ ಪಿಎಚ್ (ಆಮ್ಲ, ಕ್ಷಾರದ ಅಳತೆ) ಸುಮಾರು 5.5. ನಾಯಿಯದು 7ರ ಆಸುಪಾಸು, ಚರ್ಮದ ಹೊರಪದರವೂ ನಮ್ಮದಕ್ಕಿಂತ ತೆಳು. ನಮ್ಮ ಶಾಂಪೂ ಹಾಕಿ ವಾರ ವಾರ ತಿಕ್ಕಿದರೆ ಮೈಯ ಎಣ್ಣೆಯಂಶವೆಲ್ಲ ಹೋಗಿ ಚರ್ಮ ಒಣಗುತ್ತದೆ. ನಾಯಿಗೆಂದೇ ಇರುವ ಶಾಂಪೂ ತನ್ನಿ. ಮೈ ಕೊಳೆಯಾಗದಿದ್ದರೆ 4–6 ವಾರಕ್ಕೊಂದು ಸ್ನಾನ ಸಾಕು. ಉಗುರುಬೆಚ್ಚಗಿನ ನೀರಿರಲಿ. ನೊರೆ ಹೋಯಿತು ಅನಿಸಿದ ಮೇಲೂ ಇನ್ನೊಂದು ಸಲ ತೊಳೆಯಿರಿ. ಕಂಕುಳು, ತೊಡೆಸಂದಿನಲ್ಲಿ ಶಾಂಪೂ ಉಳಿದರೆ ಅಲ್ಲೇ ತುರಿಕೆ ಶುರು.

ಉದುರುವ ಕೂದಲಿಗೆ ಮದ್ದು ಬಾಚುವುದೇ. ರಬ್ಬರ್ ಮುಳ್ಳಿನ ಬ್ರಷ್ ತೆಗೆದುಕೊಳ್ಳಿ. ಅಂಗೈಗೆ ಸಿಕ್ಕಿಸಿಕೊಳ್ಳುವಂಥದ್ದು ಇನ್ನೂ ಒಳ್ಳೆಯದು. ಮೈ ಒಣಗಿರುವಾಗ ಭುಜದಿಂದ ಶುರುಮಾಡಿ, ಸಣ್ಣ ಸಣ್ಣ ಸುತ್ತು ಹಾಕುತ್ತಾ ಬಾಲದ ಕಡೆ ಬನ್ನಿ. ಸತ್ತ ಕೂದಲು ಮೇಲೆದ್ದು ರಬ್ಬರಿಗೆ ಅಂಟಿಕೊಳ್ಳುತ್ತದೆ. ಮೊದಲ ದಿನ ಬರುವ ರಾಶಿ ನೋಡಿ ಗಾಬರಿ ಬೀಳಬೇಡಿ. ಆಮೇಲೆ ಕೂದಲು ಮಲಗಿರುವ ದಿಕ್ಕಿಗೇ ಮೆತ್ತನೆ ಬ್ರಷ್‌ನಿಂದ ನೀವಿ. ಚರ್ಮದ ಎಣ್ಣೆ ಮೈಗೆಲ್ಲ ಹರಡಿ ಹೊಳಪು ಬರುತ್ತದೆ. ಹೊಟ್ಟೆ, ಮೊಣಕೈ ಹತ್ತಿರ ಕೈ ಹಗುರವಾಗಿರಲಿ. ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ 10 ನಿಮಿಷ ಸಾಕು. ಜಾಸ್ತಿ ಉದುರುವ ಕಾಲದಲ್ಲಿ ದಿನಾ ಬಾಚಿ. ಸ್ನಾನಕ್ಕೆ ಮುಂಚೆ ಬಾಚುವುದನ್ನಂತೂ ತಪ್ಪಿಸಬೇಡಿ. ಬ್ಲೇಡ್ ಇರುವ ಬಾಚಣಿಗೆಗಳೂ ಸಿಗುತ್ತವೆ. ನನಗೆ ಅವು ಅಷ್ಟಾಗಿ ಇಷ್ಟವಿಲ್ಲ, ಒತ್ತಿ ಎಳೆದರೆ ಚರ್ಮ ಗೀಚುತ್ತದೆ.

ಒಂದು ಮಾತು: ಶಾಂಪೂ ಬದಲಿಸಿದ ಮೇಲೂ ತುರಿಕೆ, ಹೊಟ್ಟು ಹೋಗದಿದ್ದರೆ, ಅಥವಾ ಕೂದಲು ತೇಪೆ ತೇಪೆಯಾಗಿ ಉದುರಿ ಚರ್ಮ ಕಾಣುತ್ತಿದ್ದರೆ ವೈದ್ಯರಿಗೆ ತೋರಿಸಿ. ಚಿಗಟ, ಅಲರ್ಜಿ, ಕಜ್ಜಿ ಯಾವುದೂ ಇರಬಹುದು. ಅದು ಬ್ರಷ್‌ನಿಂದ ಹೋಗುವಂಥದ್ದಲ್ಲ.

ಪ್ರಶ್ನೆ: ನಾಯಿಯ ಉಗುರು ಪೂರ್ತಿ ಕಪ್ಪು. ರಕ್ತ ಬಂದೀತೆಂಬ ಭಯಕ್ಕೆ ಕತ್ತರಿಸುವುದನ್ನೇ ಬಿಟ್ಟಿದ್ದೇವೆ. ಹೇಗೆ ಮಾಡಬೇಕು?

ಉತ್ತರ: ಬಿಟ್ಟಷ್ಟೂ ಕಷ್ಟ. ಉಗುರಿನ ಜೊತೆ ಒಳಗಿನ ರಕ್ತನಾಳವೂ ಮುಂದಕ್ಕೆ ಬೆಳೆಯುತ್ತದೆ. ಒಂದೇ ಸಲಕ್ಕೆ ಗಿಡ್ಡ ಮಾಡಲು ಹೋಗಬೇಡಿ, ತುದಿಯಿಂದ 1 ಮಿಲಿಮೀಟರ್‌ನಷ್ಟೇ ತೆಗೆಯುತ್ತಾ ಹೋಗಿ. ಪ್ರತಿ ಸಲ ಕತ್ತರಿಸಿದ ಮುಖ ನೋಡಿ. ಮೊದಮೊದಲು ಒಣಗಿದಂತೆ, ಪುಡಿಪುಡಿಯಾಗಿ ಕಾಣುತ್ತದೆ. ನಡುವೆ ನುಣುಪಾದ ಕಪ್ಪು ಚುಕ್ಕೆ ಕಂಡ ತಕ್ಷಣ ನಿಲ್ಲಿಸಿ, ರಕ್ತನಾಳ ಹತ್ತಿರ ಬಂತು ಅಂತ ಅರ್ಥ. ಅಕಸ್ಮಾತ್ ರಕ್ತ ಬಂದರೆ ಕಾರ್ನ್‌ಫ್ಲೋರ್ ಹಚ್ಚಿ ಕೆಲವು ನಿಮಿಷ ಒತ್ತಿ ಹಿಡಿಯಿರಿ. ಮುಂಗಾಲಿನ ಒಳಬದಿಗೆ, ಸ್ವಲ್ಪ ಮೇಲಿರುವ ಉಗುರನ್ನು ಮರೆಯಬೇಡಿ. ಅದು ನೆಲಕ್ಕೆ ತಾಗಿ ಸವೆಯುವುದೇ ಇಲ್ಲ. ಬಿಟ್ಟರೆ ಸುತ್ತಿಕೊಂಡು ಚರ್ಮಕ್ಕೇ ಚುಚ್ಚುತ್ತದೆ.

ಪ್ರಶ್ನೆ: ಬಾಚುವಾಗ ಉಣ್ಣಿ (ರಕ್ತ ಹೀರುವ ಹುಳ) ಸಿಕ್ಕರೆ ಸೀಮೆಎಣ್ಣೆ ಹಚ್ಚಬಹುದಾ?

ಉತ್ತರ: ಬೇಡವೇ ಬೇಡ, ಚರ್ಮ ಸುಡುತ್ತದೆ. ಸಣ್ಣ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ ಮೆಲ್ಲಗೆ ಎಳೆಯಿರಿ. ಬೆರಳಲ್ಲಿ ಹಿಚುಕಬೇಡಿ. ಕಿವಿಯೊಳಗೆ, ಕಾಲ್ಬೆರಳ ಸಂದಿನಲ್ಲಿ ಇನ್ನೂ ಇರುತ್ತವೆ, ಅಲ್ಲೂ ನೋಡಿ.