ಸಂಗ್ರಹಕ್ಕೆಂದು ಇಟ್ಟ ಹಳೆಯ ಕತ್ತಿಗೆ ಅಡುಗೆಮನೆಯ ಚಾಕುವಿನಂತೆ ಸಾಣೆ ಹಿಡಿಸಬಾರದು ಎನ್ನುತ್ತಾರೆ, ಏಕೆ?

ಸಾಣೆ ಹಿಡಿಯುವುದೆಂದರೆ ಅಲಗಿನ ಲೋಹವನ್ನೇ ಸವೆಸಿ ತೆಗೆಯುವುದು. ಹಾಗೆ ಹೋದ ಲೋಹ ಮರಳಿ ಬರುವುದಿಲ್ಲ. ಅಡುಗೆಮನೆಯ ಚಾಕುವಿನ ಬೆಲೆಯೆಲ್ಲ ಹರಿತದಲ್ಲಿರುವುದರಿಂದ, ಅದು ವರ್ಷಗಳ ಸಾಣೆಯಲ್ಲಿ ಸವೆದು ಕಿರಿದಾದರೂ ಯಾರಿಗೂ ನಷ್ಟವಿಲ್ಲ. ಆದರೆ ಕೊಡವರು ಸಾಂಪ್ರದಾಯಿಕ ಉಡುಪಿನೊಂದಿಗೆ ಸೊಂಟಕ್ಕೆ ಸುತ್ತುವ ಬಟ್ಟೆಯಾದ ಚೇಲೆಗೆ ಸಿಕ್ಕಿಸಿಕೊಳ್ಳುವ, ಬೆಳ್ಳಿ ಕೆಲಸದ ಒರೆಯುಳ್ಳ ಪೀಚೆಕತ್ತಿಯಂಥದ್ದರಲ್ಲಿ ಬೆಲೆ ಇರುವುದು ಕಮ್ಮಾರನು ಕೊಟ್ಟ ಮೂಲ ಆಕಾರದಲ್ಲಿ, ಸುತ್ತಿಗೆಯ ಗುರುತುಗಳಲ್ಲಿ ಮತ್ತು ಕಾಲಾಂತರದಲ್ಲಿ ಉಕ್ಕಿನ ಮೇಲೆ ಮೂಡಿದ ಕಪ್ಪು ಛಾಯೆಯಲ್ಲಿ.

ಆ ಛಾಯೆಯನ್ನು ಕೊಳೆಯೆಂದು ಭಾವಿಸಿ ಉಜ್ಜಿ ತೆಗೆಯುವವರೇ ಹೆಚ್ಚು, ಕತ್ತಿ ನಿಜವಾಗಿ ಹಾಳಾಗುವುದೂ ಅಲ್ಲಿಯೇ. ಕಪ್ಪು ಪದರವು ಬಿಗಿಯಾಗಿ ಅಂಟಿಕೊಂಡು ಒಳಗಿನ ಉಕ್ಕನ್ನು ಸ್ವಲ್ಪಮಟ್ಟಿಗೆ ಕಾಯುತ್ತದೆ. ಕೆಂಪು ತುಕ್ಕಾದರೋ ಸಡಿಲವಾಗಿದ್ದು, ತೇವವನ್ನು ಹೀರಿಕೊಂಡು ಇನ್ನಷ್ಟು ಆಳಕ್ಕೆ ಕೊರೆಯುತ್ತದೆ. ಆದ್ದರಿಂದ ಕೆಂಪು ತುಕ್ಕನ್ನು ಮಾತ್ರ ಎಣ್ಣೆ ಹಚ್ಚಿ ಮೃದುವಾಗಿ ಬಿಡಿಸಿ, ಬಳಿಕ ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆಯನ್ನು ಅಲಗಿಗೆ ಸವರಿದರೆ ಸಾಕು. ಚರ್ಮದ ಒರೆಯಿದ್ದರೆ ಅಲಗನ್ನು ಅದರಲ್ಲಿ ದೀರ್ಘಕಾಲ ಬಿಡಬಾರದು, ಏಕೆಂದರೆ ಚರ್ಮವು ತೇವವನ್ನೂ ಹದಮಾಡಿದಾಗ ಉಳಿದ ಆಮ್ಲವನ್ನೂ ಹಿಡಿದಿಟ್ಟುಕೊಂಡಿರುತ್ತದೆ.