ಗೋಲು ಹೊಡೆಯದ ಮಿಡ್‌ಫೀಲ್ಡರ್‌ಗೆ ಫುಟ್‌ಬಾಲ್‌ನಲ್ಲಿ ಮುಂದೆ ದಾರಿ ಇದೆಯಾ?

ನೀವು ಕೇಳಿದ್ದು ಇಷ್ಟು: ತಮ್ಮ ಶಹಾಪುರದಲ್ಲಿ ಒಂಬತ್ತನೇ ಕ್ಲಾಸು. ಪಿಟಿ ಸರ್ ಅವನನ್ನು ಮುಂದೆ ನಿಂತು ಗೋಲು ಹೊಡೆಯುವ ಫಾರ್ವರ್ಡ್ ಜಾಗದಿಂದ ತೆಗೆದು ಮೈದಾನದ ಮಧ್ಯಕ್ಕೆ, ಅಂದರೆ ಮಿಡ್‌ಫೀಲ್ಡ್‌ಗೆ ಹಾಕಿದ್ದಾರೆ. ಗೋಲು ಹೊಡೆಯೋರೇ ಸೆಲೆಕ್ಟರ್ ಕಣ್ಣಿಗೆ ಬೀಳೋದು, ನನ್ನ ಕಥೆ ಮುಗೀತು ಅಂತ ಅವನು ಮುಖ ಸಪ್ಪೆ ಮಾಡಿಕೊಂಡಿದ್ದಾನೆ. ಆಳೂ ಸಣ್ಣ. ಹೀಗಿರುವಾಗ ಆಟವನ್ನೇ ಹೊಟ್ಟೆಪಾಡು ಮಾಡಿಕೊಳ್ಳೋಕೆ ಆಗುತ್ತಾ?

ಆಗುತ್ತೆ. ಆದರೆ ಮಿಡ್‌ಫೀಲ್ಡರ್ ಜನರ ಕಣ್ಣಿಗೆ ಬೀಳೋದು ತಡವಾಗಿ. ಅಲ್ಲಿಯವರೆಗೆ ಅವನೂ ತಾಳಬೇಕು, ಮನೆಯವರೂ ತಾಳಬೇಕು. ನಾನು ಕಲಬುರಗಿಯವನು, ಕಾಲೇಜಿನಲ್ಲಿದ್ದಾಗ ಇದೇ ಜಾಗದಲ್ಲಿ ಆಡಿದವನು. ಈಗ ಬೆಳಗ್ಗೆ ಚಂದ್ರಶೇಖರ ಪಾಟೀಲ ಸ್ಟೇಡಿಯಂನಲ್ಲಿ ಹುಡುಗರನ್ನು ಆಡಿಸ್ತೀನಿ. ಇಂಥ ಸಪ್ಪೆ ಮುಖ ಅಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವರಿಗೆಲ್ಲ ನಾನು ಹೇಳೋದು ಫ್ರಾನ್ಸಿನ ಮಿಡ್‌ಫೀಲ್ಡರ್ ಎನ್‌ಗೋಲೊ ಕಾಂಟೆ ಕಥೆ.

ಕಾಂಟೆ ಪ್ಯಾರಿಸ್‌ನಲ್ಲಿ ಹುಟ್ಟಿದ್ದು 1991ರಲ್ಲಿ. ಅಪ್ಪ ಅಮ್ಮ ಮಾಲಿ ದೇಶದಿಂದ ಬಂದವರು. ಎತ್ತರ 168 ಸೆಂಟಿಮೀಟರ್, ಅಂದರೆ ಐದೂವರೆ ಅಡಿ. ತೀರಾ ಸಣ್ಣಗಿದ್ದಾನೆ ಅಂತ ದೊಡ್ಡ ಅಕಾಡೆಮಿಗಳು ಅವನನ್ನು ತೆಗೆದುಕೊಳ್ಳಲಿಲ್ಲ. ಪ್ಯಾರಿಸ್ ಪಕ್ಕದ ಸುರೆನ್ ಅನ್ನೋ ಊರಿನ ಸಣ್ಣ ಕ್ಲಬ್‌ನಲ್ಲೇ ಬೆಳೆದ. ಆಮೇಲೆ ಬುಲೋನ್ ಅನ್ನೋ ಕ್ಲಬ್ ಸೇರಿದ. ಆಡುತ್ತಲೇ ಅಕೌಂಟೆನ್ಸಿ ಓದಿಕೊಂಡ, ಕಾಲು ಕೈಕೊಟ್ಟರೆ ಲೆಕ್ಕ ಬರೆದಾದರೂ ಬದುಕಬೇಕಲ್ವಾ. 21ನೇ ವಯಸ್ಸಿನಲ್ಲಿ ಅವನು ಇದ್ದದ್ದು ಫ್ರಾನ್ಸಿನ ಮೂರನೇ ದರ್ಜೆಯ ಲೀಗ್‌ನಲ್ಲಿ. ನಮ್ಮ ಕಡೆ ಆ ವಯಸ್ಸಿಗೆ "ಸಾಕು ಮಾಡು, ಕೆಪಿಎಸ್‌ಸಿಗೆ ಓದು" ಅಂದಿರ್ತಾರೆ.

2013ರಲ್ಲಿ ಫ್ರಾನ್ಸಿನದ್ದೇ ಕಾನ್ ಕ್ಲಬ್. 2015ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿ, ಸುಮಾರು 56 ಲಕ್ಷ ಪೌಂಡಿಗೆ. ಸೀಸನ್ ಶುರುವಾದಾಗ ಆ ತಂಡ ಅಲ್ಲಿನ ಅತಿ ದೊಡ್ಡ ಲೀಗ್ ಆದ ಪ್ರೀಮಿಯರ್ ಲೀಗ್ ಗೆಲ್ಲುತ್ತೆ ಅನ್ನೋದಕ್ಕೆ ಬೆಟ್ಟಿಂಗ್ ದರ ಒಂದಕ್ಕೆ ಐದು ಸಾವಿರ ಇತ್ತು. ಗೆದ್ದೇ ಬಿಟ್ಟಿತು. ಎಲ್ಲರ ಬಾಯಲ್ಲೂ 24 ಗೋಲು ಹೊಡೆದ ಜೇಮಿ ವಾರ್ಡಿ ಹೆಸರು. ಲೀಗ್‌ನಲ್ಲಿ ಕಾಂಟೆ ಹೊಡೆದದ್ದು ಎಷ್ಟು ಗೊತ್ತಾ? ಒಂದೇ ಒಂದು ಗೋಲು. ಆದರೆ ಎದುರಾಳಿಯ ಕಾಲಿನಿಂದ ಚೆಂಡು ಕಿತ್ತ ಟ್ಯಾಕಲ್ 175, ಎದುರಾಳಿಯ ಪಾಸಿಗೆ ಅಡ್ಡ ಹೋಗಿ ಕಿತ್ತುಕೊಂಡದ್ದು 156 ಸಲ. ಮರುವರ್ಷ ಅವನನ್ನು ಲಂಡನ್ನಿನ ಚೆಲ್ಸಿ ಕ್ಲಬ್ ಸುಮಾರು 3.2 ಕೋಟಿ ಪೌಂಡ್ ಕೊಟ್ಟು ಒಯ್ದಿತು. ವಾರ್ಡಿ ಲೆಸ್ಟರ್‌ನಲ್ಲೇ ಉಳಿದ. ಆ ಸೀಸನ್ ಚೆಲ್ಸಿ ಚಾಂಪಿಯನ್, ಲೆಸ್ಟರ್ ಹನ್ನೆರಡನೇ ಸ್ಥಾನ! ಆಟಗಾರರೇ ವೋಟು ಹಾಕಿ ಕೊಡುವ ವರ್ಷದ ಆಟಗಾರ ಪ್ರಶಸ್ತಿ 2017ರಲ್ಲಿ ಕಾಂಟೆಗೇ ಬಂತು. ಆಗಲೂ ಲೀಗ್ ಗೋಲು ಒಂದೇ. ಭೂಮಿಯ ಮುಕ್ಕಾಲು ಪಾಲು ನೀರು, ಉಳಿದದ್ದನ್ನು ಕಾಂಟೆ ನೋಡಿಕೊಳ್ತಾನೆ ಅಂತ ಜೋಕ್ ಬೇರೆ ಓಡಾಡ್ತಿತ್ತು.

2018ರಲ್ಲಿ ಫ್ರಾನ್ಸ್ ಜೊತೆ ವಿಶ್ವಕಪ್. ಫೈನಲ್‌ನಲ್ಲಿ ಅವನಿಗೆ ಹೊಟ್ಟೆ ಕೆಟ್ಟಿತ್ತು, 55ನೇ ನಿಮಿಷಕ್ಕೇ ಹೊರಗೆ ಕರೆಸಿದರು. ಎದುರು ತಂಡ ಕ್ರೊಯೇಷಿಯಾದ ಲೂಕಾ ಮಾಡ್ರಿಚ್‌ಗೆ ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿ. ಅವನೂ ಮಿಡ್‌ಫೀಲ್ಡರ್, ಅವನನ್ನೂ ಹುಡುಗನಾಗಿದ್ದಾಗ ಸಣ್ಣಗಿದ್ದಾನೆ ಅಂತ ಒಂದು ಕ್ಲಬ್ ಬೇಡ ಅಂದಿತ್ತು. ಯೂರೋಪಿನ ದೊಡ್ಡ ಕ್ಲಬ್‌ಗಳು ಆಡುವ ಚಾಂಪಿಯನ್ಸ್ ಲೀಗ್‌ನ 2021ರ ಫೈನಲ್‌ನಲ್ಲಿ ಕಾಂಟೆಯೇ ಪಂದ್ಯಶ್ರೇಷ್ಠ. ಆಮೇಲೆ ತೊಡೆಯ ಹಿಂದಿನ ಸ್ನಾಯು ಪದೇ ಪದೇ ಕಾಡಿತು, 2022ರ ವಿಶ್ವಕಪ್ ತಪ್ಪಿತು. 2023ರಲ್ಲಿ ಸೌದಿಗೆ ಹೋದ. ಇನ್ನೇನು ಮುಗೀತು ಅಂದುಕೊಂಡರೆ 2024ರ ಯೂರೋ ಕಪ್‌ಗೆ ಫ್ರಾನ್ಸ್ ಮತ್ತೆ ಕರೆಯಿತು. ವಯಸ್ಸು 33, ಮೊದಲೆರಡು ಪಂದ್ಯಗಳಲ್ಲೂ ಅವನೇ ಪಂದ್ಯಶ್ರೇಷ್ಠ.

ಇದೆಲ್ಲ ಫ್ರಾನ್ಸ್, ನಮ್ಮ ಕಡೆ ಏನು ಅಂತೀರಾ? ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಅವರನ್ನು ನೋಡಿ. ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಕಲಿತ ಮಿಡ್‌ಫೀಲ್ಡರ್. 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಪರ ಇರಾಕಿನ ಅಲ್ ಜವ್ರಾ ತಂಡದ ವಿರುದ್ಧ ಹ್ಯಾಟ್ರಿಕ್ ಹೊಡೆದರು. ಪಂಜಾಬಿನ ಜೆಸಿಟಿ ಕ್ಲಬ್ ಜೊತೆ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು. ಅವರ ನಾಯಕತ್ವದಲ್ಲಿ ಭಾರತ ದಕ್ಷಿಣ ಏಷ್ಯಾ ದೇಶಗಳ 1997ರ ಸ್ಯಾಫ್ ಕಪ್ ಗೆದ್ದಿತು. 2001ರಲ್ಲಿ ಆಟ ನಿಲ್ಲಿಸಿ ಕೋಚ್ ಆದರು. 2020ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 49. ನಮ್ಮ ಹುಡುಗರಿಗೆ ಮೆಸ್ಸಿ ಮನೆಯ ನಾಯಿ ಹೆಸರೂ ಗೊತ್ತಿರುತ್ತೆ, ಚಾಪ್‌ಮನ್ ಹೆಸರು ಗೊತ್ತಿರಲ್ಲ.

ಈಗ ನಿಮ್ಮ ತಮ್ಮನ ವಿಷಯ. ಅವನ ಆಟ ನೋಡುವಾಗ ಚೆಂಡನ್ನು ಬಿಟ್ಟು ಅವನ ಕತ್ತು ನೋಡಿ. ಪಾಸ್ ಬರೋಕೆ ಮುಂಚೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹಿಂದೆ ತಿರುಗಿ ನೋಡ್ತಾನಾ? ನಮ್ಮಲ್ಲಿ ಒಬ್ಬ ಹುಡುಗ ಇದ್ದಾನೆ, ಕಡ್ಡಿ ಪೈಲ್ವಾನ್. ಏಪ್ರಿಲ್‌ನಲ್ಲಿ ಏಳು ಗಂಟೆಗೇ ಬಿಸಿಲು ಚುರುಗುಟ್ಟುತ್ತೆ, ನೆಲ ಗಟ್ಟಿಯಾಗಿ ಚೆಂಡು ಮೊಣಕಾಲಿಗೆ ಪುಟಿಯುತ್ತೆ. ಉಳಿದವರು ಚೆಂಡು ಬಂದ ಮೇಲೆ ತಲೆ ಎತ್ತಿ ಹುಡುಕ್ತಾರೆ. ಇವನು ಅಷ್ಟರಲ್ಲಿ ನೋಡಿ ಮುಗಿಸಿರ್ತಾನೆ. ಮೈಯನ್ನು ಅರ್ಧ ಓರೆ ಮಾಡಿ ನಿಂತು, ಪಾದದ ಒಳಬದಿಯಿಂದ ಚೆಂಡನ್ನು ಖಾಲಿ ಜಾಗಕ್ಕೆ ಜರುಗಿಸಿ, ಎರಡನೇ ಟಚ್‌ಗೆ ಪಾಸ್ ಕೊಟ್ಟಾಯ್ತು. ಗುದ್ದೋಕೆ ಬಂದ ದಾಂಡಿಗ ಗಾಳಿಗೆ ಗುದ್ದಿ ಬೀಳ್ತಾನೆ. ಈ ಅಭ್ಯಾಸ ಇದ್ದರೆ ಸಣ್ಣ ಆಳು ಅನ್ನೋದು ದೊಡ್ಡ ತೊಂದರೆ ಅಲ್ಲ. ಇಲ್ಲದಿದ್ದರೆ ಈಗಲೇ ಕಲಿಸಿ. ಗೋಡೆಗೆ ಚೆಂಡು ಹೊಡೆದು, ಅದು ವಾಪಸ್ ಬರುವಾಗ ಹಿಂದೆ ತಿರುಗಿ ನೀವು ಎತ್ತಿದ ಬೆರಳು ಎಷ್ಟು ಅಂತ ಹೇಳಲಿ. ಖರ್ಚಿಲ್ಲದ ಕೆಲಸ.

ದುಡ್ಡಿನ ಮಾತು ಬಂದರೆ ನಾನು ಸಕ್ಕರೆ ಹಚ್ಚಿ ಹೇಳಲ್ಲ. ದೇಶದ ದೊಡ್ಡ ಲೀಗ್ ಐಎಸ್‌ಎಲ್‌ವರೆಗೆ ಹೋಗೋರು ಬೆರಳೆಣಿಕೆಯಷ್ಟು ಜನ. 2025ರಲ್ಲಿ ಆ ಲೀಗ್‌ನದ್ದೇ ಒಪ್ಪಂದದ ಗೊಂದಲವಾಗಿ ಸೀಸನ್ ಮುಂದಕ್ಕೆ ಹೋಯ್ತು, ಕೆಲವು ಕ್ಲಬ್‌ಗಳು ಸಂಬಳವನ್ನೇ ನಿಲ್ಲಿಸಿದವು. ಮೂವತ್ತೈದು ದಾಟಿ ಆಡೋರು ಕಡಿಮೆ, ಮೊಣಕಾಲು ಹೋದರೆ ಇಪ್ಪತ್ತೈದಕ್ಕೇ ಮನೆ. ಸೈನ್ಯ, ರೈಲ್ವೆಯ ಕ್ರೀಡಾ ಕೋಟಾ ನೌಕರಿ ಇನ್ನೊಂದು ದಾರಿ. ನನ್ನನ್ನು ಕೇಳಿದರೆ ನಮ್ಮ ಕಡೆಯ ಮನೆಗಳಿಗೆ ಅದೇ ಹೆಚ್ಚು ಒಗ್ಗುವ ದಾರಿ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತಲ್ಲ, ರಾಜ್ಯ ತಂಡದ ಜೆರ್ಸಿ ಹಾಕಿದವರಿಗೆ ಅಂಥ ನೌಕರಿಯ ಬಾಗಿಲು ಬೇಗ ತೆರೆಯುತ್ತೆ.

ಸದ್ಯಕ್ಕೆ ಸ್ಕೂಲ್ ಟೀಮನ್ನು ಶಾಲಾ ತಂಡಗಳ ಟೂರ್ನಿ ಸುಬ್ರತೊ ಕಪ್‌ಗೆ ಕಳಿಸ್ತಾರಾ ಅಂತ ಪಿಟಿ ಸರ್‌ನ ಕೇಳಿ. ಯಾದಗಿರಿಯ ಕ್ರೀಡಾ ಇಲಾಖೆ ಆಫೀಸಿಗೆ ಹೋಗಿ ಕ್ರೀಡಾ ಹಾಸ್ಟೆಲ್ ಆಯ್ಕೆ ಯಾವಾಗ ಅಂತ ವಿಚಾರಿಸಿ, ಫುಟ್‌ಬಾಲ್ ಯಾವ ಊರಿನ ಹಾಸ್ಟೆಲ್‌ನಲ್ಲಿದೆ ಅಂತಲೂ ಕೇಳಿ. ಜನನ ಪ್ರಮಾಣಪತ್ರ, ಆಧಾರ್, ಶಾಲೆ ದಾಖಲೆ ಮೂರರಲ್ಲೂ ಹೆಸರು, ಹುಟ್ಟಿದ ತಾರೀಖು ಒಂದೇ ಇದೆಯಾ ನೋಡಿಕೊಳ್ಳಿ. ವಯಸ್ಸಿನ ಗುಂಪಿನ ಆಯ್ಕೆಗೆ ಮೊದಲು ನೋಡೋದೇ ಅದನ್ನು. ಹತ್ತನೇ ಕ್ಲಾಸಿನ ಓದು ಮಾತ್ರ ಬಿಡಿಸಬೇಡಿ. ರಜೆಯಲ್ಲಿ ಕಲಬುರಗಿಗೆ ಬಂದರೆ ಬೆಳಗ್ಗೆ ಆರಕ್ಕೆ ಸ್ಟೇಡಿಯಂಗೆ ಕರ್ಕೊಂಡು ಬನ್ನಿ, ಮಧ್ಯದಲ್ಲೇ ಆಡಿಸ್ತೀನಿ.